ಸ್ಟುಡಿಯೋದಲ್ಲಿ ಜೀವ ಇದ್ದ ಪೇಂಟಿಂಗ್ ಗ್ಯಾಲರಿಗೆ ಬಂದ ಮೇಲೆ ಯಾಕೆ ಸಪ್ಪೆಯಾಯಿತು?

ಮೂಲೆಸ್ಟೂಲ್ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ನನ್ನ ಗೆಳತಿ ಅಮೂರ್ತ ಚಿತ್ರಗಳನ್ನ ಮಾಡುತ್ತಾಳೆ, ಅಂದರೆ ಗುರುತಿಸುವಂಥ ಆಕಾರ ಇಲ್ಲದ, ಬರೀ ಬಣ್ಣ ಗೆರೆಗಳ ಚಿತ್ರ. ಕಳೆದ ಎರಡು ವರ್ಷ ಸ್ಟುಡಿಯೋದಲ್ಲಿ ಮಾಡಿದ ಕೆಲಸದಲ್ಲಿ 19 ಕ್ಯಾನ್ವಾಸ್ ಆರಿಸಿ ಈಗ ಪ್ರದರ್ಶನಕ್ಕೆ ಇಟ್ಟಿದ್ದಾಳೆ. ನಾನು ಚಿತ್ರ ಕಲಿತವಳಲ್ಲ. ಆದರೆ ಅವಳು ಕೆಲಸ ಮಾಡುವಾಗ ಆಗಾಗ ಹೋಗಿ, ಮೂಲೆಯಲ್ಲಿರೋ ಸ್ಟೂಲ್ ಮೇಲೆ ಕೂತು, ಅವಳು ಬೈಯುವವರೆಗೂ ಮಾತಾಡಿ ಎದ್ದು ಬರುವವಳು. ಹಾಗಾಗಿ ಇದರಲ್ಲಿ ಅರ್ಧದಷ್ಟು ಪೇಂಟಿಂಗ್ ಹಸಿಯಾಗಿದ್ದಾಗಲೇ ನೋಡಿದ್ದೆ.

ವಿಷಯ ಒಂದು ಪೇಂಟಿಂಗಿನದು. ಸುಮಾರು ಐದಡಿ ಎತ್ತರ, ನಾಲ್ಕಡಿ ಅಗಲ. ಆಯಿಲ್. ಬೂದು ಬಣ್ಣದ ಮೇಲೆ ಬೂದು ಬಣ್ಣ, ಮಧ್ಯೆ ಮಧ್ಯೆ ಪ್ಯಾಲೆಟ್ ನೈಫಿನಲ್ಲಿ (ಬಣ್ಣ ಕಲಸುವ ಚಪ್ಪಟೆ ಚಾಕು) ಕೆರೆದ ಗುರುತು, ಬಲಗಡೆ ಮೇಲಿಂದ ಕೆಳಗೆ ಒಂದು ನೀಲಿ ಪಟ್ಟಿ. ಹೇಳಿದರೆ ಇಷ್ಟೇ. ಆರು ತಿಂಗಳ ಹಿಂದೆ ಇದನ್ನು ಸ್ಟುಡಿಯೋದಲ್ಲಿ ಗೋಡೆಗೆ ಒರಗಿಸಿಟ್ಟಿದ್ದಳು. ಅವತ್ತು ನನಗೆ ಮಾತೇ ನಿಂತುಹೋಯಿತು. ಆ ಬೂದು ಬಣ್ಣದ ಹಿಂದೆ ಎಲ್ಲೋ ಒಂದು ದೀಪ ಹಚ್ಚಿಟ್ಟ ಹಾಗೆ, ಒಳಗಡೆಯಿಂದ ಬೆಚ್ಚಗೆ ಇದ್ದ ಹಾಗೆ ಅನಿಸಿತ್ತು. ಮನೆಗೆ ಬಂದ ಮೇಲೂ ಎರಡು ಮೂರು ದಿನ ಕಣ್ಣಲ್ಲೇ ಇತ್ತು.

ಮೊನ್ನೆ ಪ್ರದರ್ಶನಕ್ಕೆ ಹೋದವಳು ಮೊದಲು ಅದನ್ನೇ ಹುಡುಕಿದೆ. ಒಳ್ಳೆ ಜಾಗದಲ್ಲೇ ಹಾಕಿದ್ದಾರೆ, ಒಳಗೆ ಬಂದ ಕೂಡಲೇ ಎದುರಿಗಿರೋ ಗೋಡೆ. ಆದರೆ ಏನೂ ಆಗಲಿಲ್ಲ. ಬೂದು ಬಣ್ಣ ಬರೀ ಬೂದು ಬಣ್ಣ. ಸಿಮೆಂಟ್ ಗೋಡೆ ನೋಡಿದ ಹಾಗೆ. ಗೆಳತಿ ಹಿಂದೆ ಬಂದು ನಿಂತು "ಹೇಗಿದೆ?" ಅಂದಳು. "ಚೆನ್ನಾಗಿದೆ ಕಣೇ, ಕಲರ್ ಕಾಂಬಿನೇಷನ್ ಸೂಪರ್" ಅಂದುಬಿಟ್ಟೆ. ಅವಳು ನಕ್ಕಳು, ಆದರೆ ಆ ನಗು ನನಗೆ ಗೊತ್ತು. ಸೀರೆ ಅಂಗಡಿಯಲ್ಲಿ ಹೇಳೋ ಮಾತನ್ನ ಅವಳ ಎರಡು ವರ್ಷದ ಕೆಲಸಕ್ಕೆ ಹೇಳಿದೆ ಅಂತ ದಾರಿಯುದ್ದಕ್ಕೂ ನಾಚಿಕೆ.

ಪ್ರಶ್ನೆ ಏನಂದರೆ, ಅದೇ ಪೇಂಟಿಂಗ್ ಎರಡು ಜಾಗದಲ್ಲಿ ಇಷ್ಟು ಬೇರೆ ಕಾಣುವುದು ಸಾಧ್ಯಾನಾ? ಅಥವಾ ನನ್ನ ಕಣ್ಣೇ ಸರಿ ಇಲ್ವಾ? ಮತ್ತೆ ಇದನ್ನ ಅವಳಿಗೆ ಹೇಳಬೇಕಾ, ಸುಮ್ನೆ ಇರಬೇಕಾ?

---

ಟ್ರ್ಯಾಕ್‌ಲೈಟ್:

ಸಾಧ್ಯ, ಮತ್ತೆ ಹತ್ತರಲ್ಲಿ ಎಂಟು ಸಲ ಕಾರಣ ಬೆಳಕು. ನಾನು ಪ್ರದರ್ಶನಗಳಿಗೆ ಲೈಟ್ ಹಾಕುವ ಕೆಲಸ ಮಾಡುತ್ತೇನೆ, ಹಾಗಾಗಿ ಎಲ್ಲದಕ್ಕೂ ಬೆಳಕೇ ಕಾರಣ ಅನ್ನುವ ಕಾಯಿಲೆ ನನಗಿದೆ, ಅದನ್ನು ಕಳೆದು ಓದಿಕೊಳ್ಳಿ.

ಸ್ಟುಡಿಯೋದಲ್ಲಿ ಏನಿತ್ತು? ಕಿಟಕಿ ಬೆಳಕಾ, ಟ್ಯೂಬ್‌ಲೈಟಾ? ಟ್ಯೂಬ್‌ಲೈಟ್ ಸಾಮಾನ್ಯವಾಗಿ 6500 ಕೆಲ್ವಿನ್ (ಬೆಳಕಿನ ಬಣ್ಣ ಅಳೆಯುವ ಮಾನ) ಆಸುಪಾಸು ಇರುತ್ತದೆ, ಅಂದರೆ ನೀಲಿ ಕಡೆ ವಾಲಿದ ಬಿಳಿ. ಗ್ಯಾಲರಿಯಲ್ಲಿ ಹಾಕುವ ಸ್ಪಾಟ್‌ಲೈಟ್ ಹೆಚ್ಚಾಗಿ 3000 ಕೆಲ್ವಿನ್, ಹಳದಿ ಕಡೆ. ಕೆಂಪು, ಹಳದಿ ಬಣ್ಣದವರಿಗೆ ಇದರಲ್ಲಿ ಹಬ್ಬ. ನೀಲಿ ಮತ್ತು ಬೂದು ಬಣ್ಣದವರ ಕಥೆ ಮುಗಿಯಿತು. ನೀಲಿ ಬೆರೆಸಿ ಮಾಡಿದ ಬೂದು ಹಳದಿ ಬೆಳಕಲ್ಲಿ ಕೆಸರಾಗುತ್ತದೆ. ಇನ್ನೊಂದು ವಿಷಯ, ಸ್ಪಾಟ್ ನೇರ ಎದುರಿಂದ ಹೊಡೆದರೆ ನೈಫಿನಲ್ಲಿ ಕೆರೆದ ಗುರುತಿಗೆ ನೆರಳೇ ಬೀಳುವುದಿಲ್ಲ, ಮೈಯೆಲ್ಲ ಚಪ್ಪಟೆ. ಕಿಟಕಿ ಬೆಳಕು ಪಕ್ಕದಿಂದ ಬರುತ್ತದೆ, ಒಂದೊಂದು ಗೆರೆಯೂ ಎದ್ದು ಕಾಣುತ್ತದೆ.

ಇದನ್ನ ಪೇಂಟರ್‌ಗಳು ಸುಮ್ನೆ ತಲೆಗೆ ಹಚ್ಚಿಕೊಳ್ಳುವುದಲ್ಲ. 1961ರಲ್ಲಿ ಲಂಡನ್ನಿನ ವೈಟ್‌ಚಾಪೆಲ್ ಗ್ಯಾಲರಿಯಲ್ಲಿ ಅಮೆರಿಕದ ಪೇಂಟರ್ ಮಾರ್ಕ್ ರೋಥ್ಕೋ ಪ್ರದರ್ಶನ ಆದಾಗ ಅವರ ಕಡೆಯಿಂದ ಒಂದು ಸೂಚನೆ ಪಟ್ಟಿಯೇ ಹೋಗಿತ್ತು. ಗೋಡೆ ಅಚ್ಚ ಬಿಳಿ ಇರಬಾರದು, ಸ್ವಲ್ಪ ಬೆಚ್ಚಗಿನ ಬಿಳಿ ಇರಬೇಕು. ಲೈಟ್ ಜೋರಾಗಿರಬಾರದು. ದೊಡ್ಡ ಚಿತ್ರಗಳನ್ನು ಆದಷ್ಟು ನೆಲದ ಹತ್ತಿರ ಹಾಕಬೇಕು, ನೆಲದಿಂದ ಆರಿಂಚಿಗಿಂತ ಮೇಲೆ ಬೇಡ. ಸ್ಟುಡಿಯೋದಲ್ಲಿ ಅವು ಇದ್ದದ್ದು ಹಾಗೇ ಅಲ್ವಾ, ನೆಲದ ಮೇಲೆ.

ನೀವು ಸ್ಟೂಲ್ ಮೇಲೆ ಕೂತು ನೋಡಿದ್ದು ಅಂದಿರಿ. ನೆಲಕ್ಕೆ ಒರಗಿಸಿಟ್ಟ ಐದಡಿ ಕ್ಯಾನ್ವಾಸ್, ಕೂತ ಕಣ್ಣು. ಅಂದರೆ ಚಿತ್ರದ ಮೇಲ್ಭಾಗ ನಿಮ್ಮ ಕಣ್ಣಿನ ಎದುರಿಗೇ ಇತ್ತು. ಗ್ಯಾಲರಿಯಲ್ಲಿ ಚಿತ್ರದ ನಡುಭಾಗ ನೆಲದಿಂದ 57, 60 ಇಂಚಿಗೆ ಬರುವ ಹಾಗೆ ಹಾಕುವುದು ವಾಡಿಕೆ, ನಿಂತು ನೋಡುವವರ ಲೆಕ್ಕ ಅದು. ಕಣ್ಣಿಗೂ ಚಿತ್ರಕ್ಕೂ ಇದ್ದ ನಂಟೇ ಬದಲಾಯಿತು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ, ಲೈಟ್ ಹಾಕುವ ಮುಂಚೆ ಹೋಗಿ ನೋಡಿ, ಆಮೇಲೆ ಹೇಳಿ.

---

ಬಾಯಿಬಡುಕ:

ಮೇಡಂ, ಕೆಲ್ವಿನ್ ಗಿಲ್ವಿನ್ ಎಲ್ಲ ಪಕ್ಕಕ್ಕಿಡಿ. ಸ್ಟುಡಿಯೋದಲ್ಲಿ ನೀವು ನೋಡಿದ್ದು ಗೆಳತಿಯನ್ನು. ಕೈಗೆಲ್ಲ ಬಣ್ಣ, ಟರ್ಪೆಂಟೈನ್ ವಾಸನೆ, ಪಕ್ಕದಲ್ಲಿ ಅವಳ ಮಾತು. ಅದೆಲ್ಲ ಸೇರಿ ಚಿತ್ರ ಬೆಚ್ಚಗೆ ಕಂಡಿತು. ಗ್ಯಾಲರಿಯಲ್ಲಿ ಬರೀ ಚಿತ್ರ ಇದೆ, ಅದು ತನ್ನ ಯೋಗ್ಯತೆಗೆ ತಕ್ಕಷ್ಟು ಕಾಣುತ್ತಿದೆ. ಅಷ್ಟೇ.

ಅದೂ ಅಲ್ಲದೆ ಗೋಡೆ ಮೇಲೆ ಒಂದು ಬರಹ ಅಂಟಿಸಿರುತ್ತಾರಲ್ಲ, "ಅನಂತ ಮೌನದೊಡನೆ ಕಲಾವಿದೆಯ ಅನುಸಂಧಾನ" ಅಂತ. ಅದನ್ನ ಓದಿದ ಮೇಲೆ ಸೂರ್ಯೋದಯವೂ ಸಪ್ಪೆ ಕಾಣುತ್ತದೆ. ಓದಿದಿರಾ ಇಲ್ವಾ?

---

ಮೂಲೆಸ್ಟೂಲ್:

@ಬಾಯಿಬಡುಕ ಓದಿದೆ 😄 ಹೆಚ್ಚೂಕಮ್ಮಿ ಅದೇ. ಒಂದು ಪುಟ ಇದೆ, ಅದರಲ್ಲಿ "ಬೂದು" ಅನ್ನುವ ಪದ ಒಂದು ಸಲವೂ ಇಲ್ಲ. ಅವಳು ಬರೆದದ್ದಲ್ಲ ಪಾಪ, ಯಾರೋ ಬರೆದುಕೊಟ್ಟಿದ್ದು.

ಆದರೆ ನಿಮ್ಮ ಮಾತು ಪೂರ್ತಿ ಒಪ್ಪಲಾರೆ. ಅದೇ ಸ್ಟೂಲ್, ಅದೇ ಗೆಳತಿ, ಅದೇ ವಾಸನೆಯಲ್ಲಿ ಬೇರೆ ಚಿತ್ರಗಳನ್ನೂ ನೋಡಿದ್ದೇನೆ. ಅವು ಹಾಗೆ ಅನಿಸಿರಲಿಲ್ಲ.

@ಟ್ರ್ಯಾಕ್‌ಲೈಟ್ ಸ್ಟುಡಿಯೋದಲ್ಲಿ ಕಿಟಕಿ ಎಡಗಡೆ. ಗ್ಯಾಲರಿಯಲ್ಲಿ ಹಳದಿ ಸ್ಪಾಟ್, ನೀವು ಹೇಳಿದ ಹಾಗೇ.

---

ಒಣಗದಎಣ್ಣೆ:

ನಾನೂ ಆಯಿಲ್‌ನಲ್ಲಿ ಮಾಡುವವನು. ಬೆಳಕಿನ ಮಾತು ಸರಿ, ಅದರ ಮೇಲೆ ಇನ್ನೆರಡು ಮೂರು ಅನುಮಾನ.

ಒಂದು, ಬಣ್ಣ ಕುಳಿತುಬಿಟ್ಟಿರಬಹುದು. ಆಯಿಲ್ ಬಣ್ಣ ಒಣಗುವುದು ಬಟ್ಟೆ ಒಣಗಿದ ಹಾಗಲ್ಲ, ಆವಿಯಾಗುವಂಥದ್ದು ಅದರಲ್ಲಿ ಹೆಚ್ಚೇನೂ ಇಲ್ಲ. ಎಣ್ಣೆ ಗಾಳಿಯಲ್ಲಿರುವ ಆಮ್ಲಜನಕದ ಜೊತೆ ಸೇರಿ ಗಟ್ಟಿಯಾಗಬೇಕು, ಅದಕ್ಕೆ ತಿಂಗಳುಗಟ್ಟಲೆ ಬೇಕು. ಅಷ್ಟರಲ್ಲಿ ಕೆಳಗಿನ ಪದರ ಎಣ್ಣೆ ಹೀರಿಕೊಂಡರೆ ಮೇಲಿನ ಬಣ್ಣ ಹೊಳಪು ಕಳೆದುಕೊಂಡು ಸುಣ್ಣದ ಹಾಗಾಗುತ್ತದೆ, ಗಾಢ ಬಣ್ಣಗಳಲ್ಲಂತೂ ಜಾಸ್ತಿ. ಹಸಿಯಾಗಿದ್ದಾಗ ಕಂಡ ಆಳ ಹೋಗಿಬಿಡುತ್ತದೆ. ವಾರ್ನಿಶ್ ಹಾಕಿದರೆ ಬಹುಪಾಲು ವಾಪಸ್ ಬರುತ್ತದೆ, ಆದರೆ ಅದಕ್ಕೆ ಆರು ತಿಂಗಳು, ದಪ್ಪ ಇದ್ದರೆ ವರ್ಷ ಕಾಯಬೇಕು. ಪ್ರದರ್ಶನದ ತಾರೀಖು ಕಾಯುವುದಿಲ್ಲ.

ಎರಡು, ಪಕ್ಕದಲ್ಲಿ ಏನಿದೆ? ನಾನು ಕಂಡ ಹಾಗೆ ಬೆಳಕಿಗಿಂತ ದೊಡ್ಡ ಕಳ್ಳ ಇದು. ಪ್ಯಾರಿಸ್ಸಿನ ಗೋಬ್ಲಾನ್ ನೇಯ್ಗೆ ಕಾರ್ಖಾನೆಯಲ್ಲಿ ಶೆವ್ರಲ್ ಅಂತ ಒಬ್ಬ ರಸಾಯನ ವಿಜ್ಞಾನಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ. ಕಪ್ಪು ನೂಲಿಗೆ ಕಸುವಿಲ್ಲ ಅಂತ ದೂರು ಬಂತು. ಪರೀಕ್ಷೆ ಮಾಡಿದರೆ ನೂಲು ಸರಿಯಾಗೇ ಇದೆ. ನೀಲಿ, ನೇರಳೆ ನೂಲಿನ ಪಕ್ಕದಲ್ಲಿ ನೇಯ್ದದ್ದಕ್ಕೆ ಆ ಕಪ್ಪು ಪೇಲವ ಕಾಣುತ್ತಿತ್ತು. ಇದೇ ವಿಷಯದ ಮೇಲೆ ಅವನು 1839ರಲ್ಲಿ ಒಂದು ದಪ್ಪ ಪುಸ್ತಕ ಬರೆದ. ಬಣ್ಣಕ್ಕೆ ತನ್ನದು ಅಂತ ಒಂದು ಮುಖ ಇಲ್ಲ, ಪಕ್ಕದವರು ಯಾರು ಅನ್ನುವುದರ ಮೇಲೆ ಅದರ ಮುಖ.

1832ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯಲ್ಲಿ ಇಂಗ್ಲಿಷ್ ಪೇಂಟರ್ ಟರ್ನರ್‌ನ ಬೂದು ಸಮುದ್ರದ ಚಿತ್ರದ ಪಕ್ಕ ಇನ್ನೊಬ್ಬ ಪೇಂಟರ್ ಕಾನ್‌ಸ್ಟೆಬಲ್‌ನ ಕೆಂಪು, ಬಂಗಾರ ಬಣ್ಣ ತುಂಬಿದ ಚಿತ್ರ ಹಾಕಿದ್ದರು. ಪ್ರದರ್ಶನಕ್ಕೆ ಮುಂಚೆ ಕಲಾವಿದರು ಗೋಡೆ ಮೇಲೇ ಕೊನೆಯ ಕೈ ಆಡಿಸಲು ಕೆಲವು ದಿನ ಸಿಗುತ್ತಿತ್ತು. ಟರ್ನರ್ ಬಂದ, ಎರಡನ್ನೂ ನೋಡಿದ, ತನ್ನ ಬೂದು ಸಮುದ್ರದ ಮಧ್ಯೆ ನಾಣ್ಯದಷ್ಟು ಒಂದು ಕೆಂಪು ಚುಕ್ಕೆ ಇಟ್ಟು ಮಾತಾಡದೆ ಹೋದ. ಪಕ್ಕದ ಚಿತ್ರ ಅಲ್ಲಿಗೇ ಮಂಕಾಯಿತು. "ಇಲ್ಲಿಗೆ ಬಂದು ಬಂದೂಕು ಹಾರಿಸಿ ಹೋಗಿದ್ದಾನೆ" ಅಂದನಂತೆ ಕಾನ್‌ಸ್ಟೆಬಲ್. ಆಮೇಲೆ ಟರ್ನರ್ ಆ ಚುಕ್ಕೆಯನ್ನು ತೇಲುಬುರುಡೆ (ಹಡಗುಗಳಿಗೆ ಗುರುತಾಗಿ ನೀರಲ್ಲಿ ತೇಲಿಬಿಡುವಂಥದ್ದು) ಮಾಡಿದ.

ಮೂರು, ಇದು ಸ್ವಲ್ಪ ತಲೆಹರಟೆ ಅನುಮಾನ. ಆರು ತಿಂಗಳಾಗಿದೆ ಅಂದಿರಿ. ಅದು ಅದೇ ಪೇಂಟಿಂಗೇನಾ? ಮತ್ತೆ ಹೋದಾಗ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಹೋಗಿ. ಫ್ರೇಮ್ ಹಾಕಿಲ್ಲ ಅಂದರೆ ಕ್ಯಾನ್ವಾಸಿನ ಅಂಚು ಕಾಣುತ್ತದೆ, ಸ್ಟ್ರೆಚರ್ (ಕ್ಯಾನ್ವಾಸ್ ಬಿಗಿಯುವ ಮರದ ಚೌಕಟ್ಟು) ಮೇಲೆ ಮಡಚಿದ ಭಾಗ. ಮುಖದ ಮೇಲೆ ಏನೇ ಮುಚ್ಚಿದರೂ ಅಂಚಿಗೆ ಸೋರಿದ್ದನ್ನ ಯಾರೂ ಒರೆಸುವುದಿಲ್ಲ. ಮೂಗಿನಲ್ಲೂ ನೋಡಿ. ಬಣ್ಣಕ್ಕೆ ಬಳಸುವ ಲಿನ್‌ಸೀಡ್ (ಅಗಸೆ) ಎಣ್ಣೆ ವಾಸನೆ ಇನ್ನೂ ಬರುತ್ತಿದ್ದರೆ ಮೇಲಿನ ಪದರ ಹೊಸದು. ಹಳೆ ಫೋಟೋ ಏನಾದರೂ ಇದೆಯಾ ಫೋನಿನಲ್ಲಿ?

---

ತಲೆಕೆಳಗು:

ಎಲ್ಲರೂ ಒಂದು ಸುಲಭದ ಪ್ರಶ್ನೆ ಮರೆತಿರಿ. ಅದೇ ದಿಕ್ಕಿನಲ್ಲಿ ನೇತುಹಾಕಿದ್ದಾರಾ? ಸ್ಟುಡಿಯೋದಲ್ಲಿ ತಲೆಕೆಳಗಾಗಿ ಒರಗಿಸಿದ್ದಿರಬಹುದು, ಅಥವಾ ಗ್ಯಾಲರಿಯವರು ತಿರುಗಿಸಿರಬಹುದು. ನಗಬೇಡಿ. ಡಚ್ ಪೇಂಟರ್ ಮೊಂಡ್ರಿಯಾನ್ 1941ರಲ್ಲಿ ಬಣ್ಣದ ಟೇಪ್ ಅಂಟಿಸಿ ಮಾಡಿದ ಒಂದು ಕೃತಿ ಜರ್ಮನಿಯ ಮ್ಯೂಸಿಯಂ ಒಂದರಲ್ಲಿದೆ. ಅದನ್ನು ಏಳು ದಶಕಕ್ಕೂ ಜಾಸ್ತಿ ಕಾಲ ತಲೆಕೆಳಗೆ ತೋರಿಸಿದ್ದಾರೆ ಅಂತ ಅಲ್ಲಿನ ಕ್ಯುರೇಟರ್ 2022ರಲ್ಲಿ ಹೇಳಿದರು. ಮೊಂಡ್ರಿಯಾನ್ ಸ್ಟುಡಿಯೋದ 1944ರ ಫೋಟೋದಲ್ಲಿ ಗೆರೆಗಳು ಒತ್ತಾಗಿರೋ ಕಡೆ ಮೇಲಿದೆ, ಮ್ಯೂಸಿಯಂನಲ್ಲಿ ಕೆಳಗಿದೆ. ಈಗ ತಿರುಗಿಸಿದರೆ ಟೇಪ್ ಉದುರಿಹೋಗುತ್ತದೆ ಅಂತ ಹಾಗೇ ಬಿಟ್ಟಿದ್ದಾರೆ.

---

ಮೂಲೆಸ್ಟೂಲ್:

@ತಲೆಕೆಳಗು ಇಲ್ಲ, ನೀಲಿ ಪಟ್ಟಿ ಅವತ್ತೂ ಬಲಗಡೆ, ಇವತ್ತೂ ಬಲಗಡೆ. ಬಣ್ಣ ಇಳಿದ ಗೆರೆಗಳೂ ಕೆಳಗೇ ಇಳಿದಿವೆ. ಆದರೆ ಟೇಪ್ ಕಥೆ ಗೆಳತಿಗೆ ಹೇಳದೆ ಇರಲಾರೆ.

@ಒಣಗದಎಣ್ಣೆ ಫೋಟೋ ಎಲ್ಲೋ ಇರಬೇಕು, ಹುಡುಕುತ್ತೇನೆ. ನಾಳೆ ಮತ್ತೆ ಹೋಗುತ್ತೇನೆ.

---

ಮೂಲೆಸ್ಟೂಲ್ (ಮೂರು ದಿನದ ನಂತರ):

ಹೋಗಿದ್ದೆ. ಮಧ್ಯಾಹ್ನ, ಜನ ಇಲ್ಲದ ಹೊತ್ತು. ಪಕ್ಕದ ಚಿತ್ರ ನೋಡಿದೆ, ಅದು ಕಪ್ಪು ಬಿಳುಪು, ಅದರಿಂದ ಏನೂ ತೊಂದರೆ ಇದ್ದ ಹಾಗೆ ಕಾಣಲಿಲ್ಲ. ಕೂರಲು ಬೆಂಚ್ ಇಲ್ಲ, ನೆಲದ ಮೇಲೇ ಕೂತು ನೋಡಿದೆ. ಸ್ವಲ್ಪ ವ್ಯತ್ಯಾಸ ಆಯಿತು, ಕೆರೆದ ಗುರುತುಗಳು ಚೆನ್ನಾಗಿ ಕಂಡವು, ಆದರೆ ಆ ದೀಪ ಇಲ್ಲ.

ಆಮೇಲೆ ಎದ್ದು ಪಕ್ಕಕ್ಕೆ ಹೋದೆ. ಕೆನ್ನೆ ಗೋಡೆಗೆ ತಾಗುವಷ್ಟು ಹತ್ತಿರ. ಅಲ್ಲಿನ ಹುಡುಗ ಕುರ್ಚಿಯಿಂದ ಅರ್ಧ ಎದ್ದ.

ಅಂಚಿನ ಮೇಲೆ, ಎಡಗಡೆ, ಕೆಳಗಿಂದ ಒಂದು ಗೇಣು ಮೇಲೆ, ಕಿತ್ತಳೆ ಬಣ್ಣ. ಒಂದು ದಪ್ಪ ಹನಿ ಇಳಿದು ಬಂದು ಸ್ಟೇಪಲ್ ಪಿನ್ ಹತ್ತಿರ ನಿಂತು ಗಟ್ಟಿಯಾಗಿದೆ. ಅದರ ಮೇಲೆ ಬೂದು ಬಣ್ಣ ಅರ್ಧ ಮಾತ್ರ ಬಂದಿದೆ. ಮುಖದ ಮೇಲೆ ಎಲ್ಲೂ ಕಿತ್ತಳೆ ಇಲ್ಲ, ಒಂದು ಚೂರೂ ಇಲ್ಲ. ಮತ್ತೆ ವಾಸನೆ! ಎಣ್ಣೆ ವಾಸನೆ ಇನ್ನೂ ಬರುತ್ತಿದೆ.

ಮನೆಗೆ ಬಂದು ಫೋನ್ ಪೂರ್ತಿ ಜಾಲಾಡಿದೆ. ಸಿಕ್ಕಿತು. ಅವಳ ಫೋಟೋ ತೆಗೆದದ್ದರಲ್ಲಿ ಹಿಂದೆ ಪೇಂಟಿಂಗ್ ಅರ್ಧ ಬಂದಿದೆ. ಎಡಗಡೆ ಕೆಳಗೆ ಅಂಗೈಯಷ್ಟು ಕಿತ್ತಳೆ ಬಣ್ಣ, ತೆಳ್ಳಗೆ ಬೂದು ಒರೆಸಿ ಅದರೊಳಗಿಂದ ಕಾಣುವ ಹಾಗೆ ಬಿಟ್ಟದ್ದು. ನನಗೆ ಮಜಾ ಅನಿಸಿದ್ದು ಇದು: ಆರು ತಿಂಗಳು ಆ ಪೇಂಟಿಂಗ್ ನೆನಪಿಟ್ಟುಕೊಂಡಿದ್ದೇನೆ, ಆದರೆ ಕಿತ್ತಳೆ ಬಣ್ಣ ನೆನಪೇ ಇರಲಿಲ್ಲ. ಪೂರ್ತಿ ಚಿತ್ರವೇ ಬೆಚ್ಚಗಿತ್ತು ಅಂತ ಮಾತ್ರ ನೆನಪು.

---

ಒಣಗದಎಣ್ಣೆ:

ಅಲ್ಲಿಗೆ ಶೆವ್ರಲ್ ಗೆದ್ದ. ಅಂಗೈಯಷ್ಟು ಕಿತ್ತಳೆ ಪಕ್ಕದಲ್ಲಿದ್ದಾಗ ಕಣ್ಣು ಅದರ ಎದುರಾಳಿ ಬಣ್ಣವನ್ನ, ಅಂದರೆ ನೀಲಿಯನ್ನ, ಸುತ್ತಲಿನ ಬೂದು ಬಣ್ಣಕ್ಕೆ ತಾನೇ ಬಳಿಯುತ್ತದೆ. ಆ ಬೂದು ಬಣ್ಣದಲ್ಲಿ ಜೀವ ಇತ್ತು ಅನಿಸಿದ್ದು ಅದಕ್ಕೇ. ಕಿತ್ತಳೆ ಮುಚ್ಚಿದ ಕೂಡಲೇ ಉಳಿದ ಐದಡಿಯೂ ಬಣ್ಣ ಬದಲಾಯಿಸಿತು, ಅಲ್ಲೆಲ್ಲ ಬ್ರಷ್ ತಾಗಿಸದೇ.

ಯಾಕೆ ಮುಚ್ಚಿದಳು ಅಂತ ನಾನು ಊಹಿಸಬಲ್ಲೆ, ನೂರು ಸಲ ಮಾಡಿದ್ದೇನೆ. ಚಿತ್ರದಲ್ಲಿ ಒಂದು ಜಾಗ ತುಂಬಾ ಚೆನ್ನಾಗಿ ಬಂದುಬಿಡುತ್ತದೆ. ಆಮೇಲೆ ಅದನ್ನ ಹಾಳುಮಾಡಬಾರದು ಅನ್ನುವ ಹೆದರಿಕೆಯಲ್ಲೇ ಕೆಲಸ. ಉಳಿದದ್ದೆಲ್ಲ ಅದರ ಸೇವೆಗೆ ನಿಲ್ಲುತ್ತದೆ. ಒಂದು ದಿನ ಸಿಟ್ಟು ಬಂದು ಅದರ ಮೇಲೇ ಬಣ್ಣ ಎಳೆಯುವುದು. ಜರ್ಮನಿಯ ಪೇಂಟರ್ ಗೆರ್ಹಾರ್ಡ್ ರಿಕ್ಟರ್ ಅಮೂರ್ತ ಚಿತ್ರಗಳಲ್ಲಿ ಆಳುದ್ದದ ಸ್ಕ್ವೀಜಿ (ಬಣ್ಣ ಎಳೆಯುವ ಚಪ್ಪಟೆ ಪಟ್ಟಿ) ಹಿಡಿದು ಹಸಿ ಬಣ್ಣದ ಮೇಲೆ ಎಳೆದುಬಿಡುತ್ತಿದ್ದರು, ನೋಡುವವರಿಗೆ ಎಷ್ಟೇ ಚೆಂದ ಕಂಡ ಪದರವೂ ಒಂದು ಎಳೆತಕ್ಕೆ ಮಾಯ. ಅಮೆರಿಕದ ಪೇಂಟರ್ ಡಿ ಕೂನಿಂಗ್ 1950ರಲ್ಲಿ ಶುರುಮಾಡಿದ ಒಂದು ಹೆಂಗಸಿನ ಚಿತ್ರವನ್ನು ಎರಡು ವರ್ಷ ಕೆರೆದು ಕೆರೆದು ಮತ್ತೆ ಬರೆದರು, ಮಧ್ಯೆ ಒಮ್ಮೆ ಎತ್ತಿ ಪಕ್ಕಕ್ಕೂ ಎಸೆದಿದ್ದರು.

ಅವಳಿಗೆ ಹೇಳಿದಿರಾ?

---

ಮೂಲೆಸ್ಟೂಲ್:

ಹೇಳಿದೆ. ಕಲರ್ ಕಾಂಬಿನೇಷನ್ ಸೂಪರ್ ಅಂದದ್ದು ಸುಳ್ಳು, ನಿಜ ಏನಂದರೆ ನನಗೆ ಹಳೆಯದೇ ಇಷ್ಟ, ಕಿತ್ತಳೆ ಎಲ್ಲಿ ಹೋಯಿತು ಅಂತ ಕೇಳಿದೆ.

"ಯಾವ ಕಿತ್ತಳೆ?" ಅಂದಳು! ಅವಳಿಗೂ ನೆನಪಿಲ್ಲ. ಫೋಟೋ ತೋರಿಸಿದೆ. ಫೋನ್ ಕಿತ್ತುಕೊಂಡು ದೊಡ್ಡದು ಮಾಡಿ, ಚಿಕ್ಕದು ಮಾಡಿ, ಬಹಳ ಹೊತ್ತು ನೋಡಿದಳು. "ಇದು ಇಷ್ಟು ಚೆನ್ನಾಗಿತ್ತಾ" ಅಂದಳು. ಇನ್ನೂ ಸ್ವಲ್ಪ ನೋಡಿ, "ಅದಕ್ಕೇ ಮುಚ್ಚಿರಬೇಕು" ಅಂತ ಫೋನ್ ವಾಪಸ್ ಕೊಟ್ಟಳು. ಒಣಗದಎಣ್ಣೆ ಅವರೇ, ನೀವಿಬ್ಬರೂ ಮಾತಾಡಿಕೊಂಡಿಲ್ಲ ತಾನೆ?

ಸಿಟ್ಟಾಗಲಿಲ್ಲ. ಒಂದು ಗಂಟೆ ಆ ಒಂದೇ ಪೇಂಟಿಂಗ್ ಬಗ್ಗೆ ಮಾತಾಡಿದೆವು. ಪ್ರದರ್ಶನಕ್ಕೆ ಎರಡು ತಿಂಗಳು ಇದ್ದಾಗ ಮುಚ್ಚಿದ್ದಂತೆ. ಆ ಕಿತ್ತಳೆ ಇರುವವರೆಗೆ ಯಾರು ಬಂದರೂ ನೇರ ಅಲ್ಲಿಗೇ ಕಣ್ಣು ಹಾಕುತ್ತಿದ್ದರಂತೆ, ನೀಲಿ ಪಟ್ಟಿಯನ್ನ ಯಾರೂ ನೋಡುತ್ತಿರಲಿಲ್ಲವಂತೆ. ಅವಳಿಗೆ ಬೇಕಾಗಿದ್ದದ್ದು ಆ ಪಟ್ಟಿ. ನಾನು ಪಟ್ಟಿಯನ್ನ ಸರಿಯಾಗಿ ನೋಡಿದ್ದೆನಾ ಅಂತ ಕೇಳಿದಳು. ಇಲ್ಲ ಅಂದೆ.

---

ಬಾಯಿಬಡುಕ:

ಸರಿ, ನಾನು ಹೇಳಿದ್ದು ತಪ್ಪು, ಒಪ್ಪಿಕೊಂಡೆ. ಆದರೆ ಕೊನೆಗೂ ಚಿತ್ರ ಕೆಡಿಸಿದ್ದು ಚಿತ್ರ ಮಾಡಿದವರೇ ಅಂತಾಯಿತಲ್ಲ.

---

ಟ್ರ್ಯಾಕ್‌ಲೈಟ್:

ಕೆಡಿಸಿದ್ದಾರೋ ಇಲ್ಲವೋ ಇನ್ನೂ ತೀರ್ಮಾನ ಆಗಿಲ್ಲ. ಹಳದಿ ಸ್ಪಾಟ್ ಕೆಳಗೆ ನೀಲಿ ಪಟ್ಟಿ ನೋಡಿ ತೀರ್ಪು ಕೊಡುವುದು ಮೋಸ. ಎಲ್ಲರೂ ನನ್ನ ಬೆಳಕಿನ ಮಾತು ಮರೆತೇ ಬಿಟ್ಟಿರಿ.

---

ಮೂಲೆಸ್ಟೂಲ್:

ಮರೆತಿಲ್ಲ. ಭಾನುವಾರ ಕೊನೆ ದಿನ. ಬೆಳಿಗ್ಗೆ ಲೈಟ್ ಹಾಕುವ ಮುಂಚೆ ಅರ್ಧ ಗಂಟೆ ಒಳಗೆ ಬಿಡಿ ಅಂತ ಆ ಹುಡುಗನನ್ನ ಕೇಳಿ ಬಂದಿದ್ದೇನೆ. "ಗೋಡೆಗೆ ಕೆನ್ನೆ ಇಡಬೇಡಿ ಮೇಡಂ, ಅಷ್ಟು ಸಾಕು" ಅಂದ. ಸ್ಟೂಲ್ ನಾನೇ ತಗೊಂಡು ಹೋಗುತ್ತೇನೆ.